ಕಷ್ಟ ಬಂದಾಗ ‘ದೇವರು ನಂಬಿಗಸ್ತರು’ ಎನ್ನುವುದರ ಅರ್ಥ ಏನು?

ಕಷ್ಟದಲ್ಲಿರುವವರನ್ನು ನೋಡಲು ಹೋದವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ದೇವರು ನ್ಯಾಯವಂತರು, ಎಲ್ಲ ಸರಿಹೋಗುತ್ತದೆ, ನಂಬಿಕೆ ಬಿಡಬೇಡಿ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮಗುವನ್ನು ಕಳೆದುಕೊಂಡ ತಾಯಿಗೆ, ಮಾಡದ ತಪ್ಪಿಗೆ ಕೆಲಸ ಹೋದವನಿಗೆ, ವರ್ಷಗಟ್ಟಲೆ ಕಾಯಿಲೆಯ ಜೊತೆಗೇ ಮಲಗಿ ಏಳುವವರಿಗೆ ಆ ಮಾತು ಕಿವಿಗೆ ಬೀಳುತ್ತದೆ ಅಷ್ಟೆ. ಒಳಗೆ ಇಳಿಯುವುದಿಲ್ಲ.

ಅವರ ನಂಬಿಕೆ ಸಣ್ಣದು ಅಂತ ನಾವು ಅಂದುಕೊಳ್ಳಬಾರದು. ಆ ಒಂದು ಸಮಾಧಾನದ ಮಾತಿನೊಳಗೆ ಮೂರು ದೊಡ್ಡ ವಿಷಯಗಳು ಸೇರಿಕೊಂಡಿವೆ. ದೇವರು ನ್ಯಾಯವಂತರು. ದೇವರು ನಂಬಿಗಸ್ತರು. ದೇವರು ಬದಲಾಗುವುದಿಲ್ಲ. ಈ ಮೂರನ್ನೂ ಬೈಬಲು ಹೇಳುತ್ತದೆ. ಆದರೆ ನಾವು ಅವಸರದಲ್ಲಿ ಹೇಳುವ ಹಾಗೆ ಹೇಳುವುದಿಲ್ಲ. ಅದು ಹೇಗೆ ಹೇಳುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ‘ನಂಬಿಗಸ್ತ’ ಎನ್ನುವ ಪದ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆ ಬರೆದದ್ದು ಹೆಚ್ಚುಕಡಿಮೆ ಪೂರ್ತಿ ಹೀಬ್ರೂ ಭಾಷೆಯಲ್ಲಿ. ಅಲ್ಲಿ ಇದಕ್ಕೆ ಇರುವ ಪದ ‘ಎಮುನಾ’. ನಾವು ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಕೂಡ ಇದೇ ಬೇರಿನಿಂದ ಬಂದದ್ದು. ಅಲುಗದೆ ನಿಲ್ಲುವುದು, ಭಾರ ಹೊರುವಷ್ಟು ಗಟ್ಟಿಯಾಗಿರುವುದು ಎನ್ನುವುದು ಆ ಬೇರಿನ ಅರ್ಥ.

ಈ ಪದ ಬೈಬಲಿನಲ್ಲಿ ಮೊದಲ ಸಲ ಬರುವುದು ಎಲ್ಲಿ ಗೊತ್ತಾ? ಯಾವುದೋ ಸ್ತುತಿಗೀತೆಯಲ್ಲಿ ಇರಬೇಕು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅದು ಇರುವುದು ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ, ಒಂದು ಯುದ್ಧದ ಕಥೆಯಲ್ಲಿ. ಕೆಳಗೆ ಕಣಿವೆಯಲ್ಲಿ ಯೆಹೋಶುವನ ಕೈಕೆಳಗೆ ಇಸ್ರಾಯೇಲ್ ಜನ ಶತ್ರುಗಳಾದ ಅಮಾಲೇಕ್ಯರ ಜೊತೆ ಹೋರಾಡುತ್ತಿದ್ದಾರೆ. ಮೇಲೆ ಗುಡ್ಡದ ತುದಿಯಲ್ಲಿ ಆ ಜನರ ನಾಯಕ ಮೋಶೆ ಕೈ ಎತ್ತಿ ನಿಂತಿದ್ದಾನೆ. ಕೈ ಮೇಲಿದ್ದರೆ ಇಸ್ರಾಯೇಲ್ಯರಿಗೆ ಬಲ. ಕೈ ಇಳಿದರೆ ಶತ್ರುವಿಗೆ ಬಲ. ಎಷ್ಟು ಹೊತ್ತು ಹಾಗೆ ನಿಲ್ಲಲು ಸಾಧ್ಯ? ಒಂದು ಐದು ನಿಮಿಷ ಎರಡೂ ಕೈ ಮೇಲೆತ್ತಿ ನಿಂತು ನೋಡಿ, ಹೆಗಲು ಉರಿಯತೊಡಗುತ್ತದೆ. ಮೋಶೆಯ ಕೈಗಳೂ ಭಾರವಾದವು. ಆಗ ಆರೋನ ಮತ್ತು ಹೂರ ಒಂದು ಕಲ್ಲು ತಂದಿಟ್ಟು ಅವನನ್ನು ಕೂರಿಸಿದರು. ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ ನಿಂತು ಕೈಗಳನ್ನು ಎತ್ತಿ ಹಿಡಿದರು. ಹೀಗೆ ಸೂರ್ಯ ಮುಳುಗುವವರೆಗೂ ಅವನ ಕೈಗಳು ‘ಎಮುನಾ’ ಆಗಿದ್ದವು. ಅಂದರೆ, ಇಳಿಯದೆ ನಿಂತಿದ್ದವು.

ನಂಬಿಗಸ್ತಿಕೆ ಎಂದರೆ ಇದು. ಇಡೀ ದಿನ ಇಳಿಯದೆ ನಿಂತ ಕೈ. ಮನುಷ್ಯನ ಕೈಗೆ ಇದಕ್ಕೆ ಪಕ್ಕದವರ ಆಸರೆ ಬೇಕಾಯಿತು. ಧರ್ಮೋಪದೇಶಕಾಂಡದ 32ನೇ ಅಧ್ಯಾಯದಲ್ಲಿ ಇದೇ ಮೋಶೆ ಸಾಯುವ ಮೊದಲು ಒಂದು ಹಾಡು ಹೇಳುತ್ತಾನೆ. ಅಲ್ಲಿ ದೇವರನ್ನು ಬಂಡೆ ಎಂದು ಕರೆದು, ಅವರು ‘ಎಮುನಾ’ದ ದೇವರು, ಅವರ ದಾರಿಗಳೆಲ್ಲ ನ್ಯಾಯ ಎನ್ನುತ್ತಾನೆ. ಕೈ ಸೋತು ಕುಸಿಯುವುದು ಹೇಗಿರುತ್ತದೆ ಅಂತ ಮೈಯಿಂದಲೇ ತಿಳಿದವನು ಆಡಿದ ಮಾತು ಅದು. ಹಾಗಾಗಿ ಅದಕ್ಕೆ ಬೇರೆಯದೇ ತೂಕ ಇದೆ.

ನ್ಯಾಯ ಎಂದರೆ ಬರೀ ಶಿಕ್ಷೆಯಾ?

‘ದೇವರ ನ್ಯಾಯ’ ಎಂದ ತಕ್ಷಣ ನಮ್ಮಲ್ಲಿ ಜಾಸ್ತಿ ಜನರಿಗೆ ನೆನಪಾಗುವುದು ಶಿಕ್ಷೆ. ಯಾರೋ ಮೇಲೆ ಕುಳಿತು ತಪ್ಪುಗಳ ಲೆಕ್ಕ ಬರೆಯುತ್ತಿರುವ ಚಿತ್ರ. ಇದು ಮನಸ್ಸಿನಲ್ಲಿ ಕುಳಿತುಬಿಟ್ಟರೆ ಕಷ್ಟದ ಹೊತ್ತಿನಲ್ಲಿ ನ್ಯಾಯವಂತ ದೇವರು ಸಮಾಧಾನ ಆಗುವುದಿಲ್ಲ, ಭಯ ಆಗುತ್ತಾರೆ.

ಬೈಬಲಿನ ಹಾಡುಗಳ ಪುಸ್ತಕವಾದ ಕೀರ್ತನೆಗಳಲ್ಲಿ 96 ಮತ್ತು 98ನೆಯದನ್ನು ತೆಗೆದು ನೋಡಿ. ದೇವರು ಭೂಮಿಗೆ ನ್ಯಾಯತೀರಿಸಲು ಬರುತ್ತಾರೆ ಅಂತ ಗೊತ್ತಾದ ಕೂಡಲೇ ಕಾಡಿನ ಮರಗಳೆಲ್ಲ ಹಾಡುತ್ತವೆ, ನದಿಗಳು ಚಪ್ಪಾಳೆ ತಟ್ಟುತ್ತವೆ. ನ್ಯಾಯಾಧೀಶರು ಬರುತ್ತಾರೆ ಅಂದರೆ ಇಷ್ಟೊಂದು ಖುಷಿ ಯಾಕೆ? ಮೋಸಕ್ಕೆ ಒಳಗಾದವರ ಜಾಗದಲ್ಲಿ ನಿಂತು ಯೋಚಿಸಿದರೆ ಅರ್ಥ ಆಗುತ್ತದೆ. ಜಮೀನು ಕಸಿದುಕೊಂಡವನು ಆರಾಮವಾಗಿದ್ದಾನೆ, ಕಳೆದುಕೊಂಡವರ ಮಾತನ್ನು ಕೇಳುವವರೇ ಇಲ್ಲ. ಆಗ ಲಂಚ ಮುಟ್ಟದ, ಮುಖ ನೋಡಿ ಮಣೆ ಹಾಕದ ಒಬ್ಬರು ಬಂದು ಕುರ್ಚಿಯಲ್ಲಿ ಕುಳಿತರೆ ಅದಕ್ಕಿಂತ ಒಳ್ಳೆಯ ಸುದ್ದಿ ಅವರಿಗೆ ಬೇರೆ ಇಲ್ಲ. ಧರ್ಮೋಪದೇಶಕಾಂಡದ 10ನೇ ಅಧ್ಯಾಯ ಇದನ್ನೇ ನೇರವಾಗಿ ಹೇಳುತ್ತದೆ: ಈ ದೇವರು ಲಂಚ ತೆಗೆದುಕೊಳ್ಳುವವರಲ್ಲ, ತಂದೆಯಿಲ್ಲದ ಮಕ್ಕಳಿಗೂ ವಿಧವೆಯರಿಗೂ ನ್ಯಾಯ ದೊರಕಿಸುವವರು, ಪರದೇಶಿಯನ್ನು ಪ್ರೀತಿಸಿ ಅನ್ನಬಟ್ಟೆ ಕೊಡುವವರು.

ಬೈಬಲಿನ ನ್ಯಾಯದಲ್ಲಿ ತಪ್ಪಿತಸ್ಥರನ್ನು ಹಿಡಿಯುವುದೂ ಇದೆ. ಆದರೆ ಅದರ ಗುರಿ, ವಕ್ರವಾದದ್ದನ್ನು ನೆಟ್ಟಗೆ ಮಾಡುವುದು. ಬಿದ್ದವರನ್ನು ಎಬ್ಬಿಸಿ ಅವರ ಜಾಗದಲ್ಲಿ ನಿಲ್ಲಿಸುವುದು. ಇದನ್ನು ತಿಳಿದುಕೊಂಡರೆ, ನೊಂದವರು ದೇವರ ನ್ಯಾಯಕ್ಕೆ ಹೆದರದೆ ಅದನ್ನೇ ಹಿಡಿದುಕೊಂಡು ಅಳುವುದು ಯಾಕೆ ಅಂತ ಗೊತ್ತಾಗುತ್ತದೆ.

ಬದಲಾಗದ ದೇವರು ನಿನೆವೆಯ ವಿಷಯದಲ್ಲಿ ಬದಲಾದರಾ?

"ಯೆಹೋವನಾದ ನಾನು ಮಾರ್ಪಡುವವನಲ್ಲ" ಎನ್ನುವ ಮಾತು ಮಲಾಕಿಯನ ಪುಸ್ತಕದ 3ನೇ ಅಧ್ಯಾಯದಲ್ಲಿದೆ. ಆ ವಾಕ್ಯದ ಉಳಿದ ಅರ್ಧವನ್ನು ನಾವು ಎಷ್ಟೋ ಸಲ ಓದುವುದೇ ಇಲ್ಲ. ದೇವರು ಬದಲಾಗದೆ ಇರುವುದರಿಂದಲೇ ಯಾಕೋಬನ ಮಕ್ಕಳು, ಅಂದರೆ ಇಸ್ರಾಯೇಲ್ಯರು, ನಾಶವಾಗಿಲ್ಲ ಅಂತ ಅಲ್ಲಿದೆ. ಜನ ಮಾತಿಗೆ ತಪ್ಪಿದ್ದರು, ದೇವರು ತಪ್ಪಲಿಲ್ಲ. ಅದರಿಂದ ಜನ ಉಳಿದರು. ಇಲ್ಲಿ ಬದಲಾಗದಿರುವುದು ಎಂದರೆ ಕಲ್ಲಿನ ಹಾಗೆ ಏನೂ ಅನಿಸದೆ ಇರುವುದು ಅಂತ ಅರ್ಥ ಅಲ್ಲವೇ ಅಲ್ಲ. ಕೊಟ್ಟ ಮಾತಿನಿಂದ ಜಾರದಿರುವುದು ಅಂತ ಅರ್ಥ.

ಹಾಗಾದರೆ ಯೋನನ ಕಥೆ? ನಿನೆವೆ ಎನ್ನುವ ಊರಿಗೆ ಹೋಗಲು ಒಪ್ಪದೆ ಮೊದಲು ಓಡಿಹೋಗಿದ್ದ ಪ್ರವಾದಿ ಯೋನ, ಇನ್ನು 40 ದಿನಕ್ಕೆ ಅದು ಹಾಳಾಗುತ್ತದೆ ಅಂತ ಕೊನೆಗೆ ಅಲ್ಲಿ ಸಾರಿದ. ಊರಿಗೆ ಊರೇ ಪಶ್ಚಾತ್ತಾಪಪಟ್ಟಿತು. ದೇವರು ನಾಶಮಾಡಲಿಲ್ಲ. ಇದು ಮನಸ್ಸು ಬದಲಾಯಿಸಿದ ಹಾಗೆ ಕಾಣುತ್ತದೆ ಅಲ್ವಾ? ಆದರೆ ಯೋನನಿಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ನೀನು ಕನಿಕರದ ದೇವರು, ಹೀಗೇ ಮಾಡುತ್ತೀ ಅಂತ ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನಾನು ಓಡಿಹೋಗಿದ್ದು ಅಂತ ಅವನು ಜಗಳವಾಡುತ್ತಾನೆ. ದೇವರು ಬದಲಾಗುವುದಿಲ್ಲ ಅನ್ನುವುದೇ ಅವನ ತಕರಾರು! ಕೆಟ್ಟದ್ದನ್ನು ಬಿಟ್ಟು ತಿರುಗಿದವರನ್ನು ದೇವರು ಯಾವತ್ತೂ ಸೇರಿಸಿಕೊಳ್ಳುತ್ತಾರೆ. ಅದು ನಿನ್ನೆಯೂ ಹಾಗೆ, ಇವತ್ತೂ ಹಾಗೆ. ತಿರುಗಿದ್ದು ನಿನೆವೆ. ಪ್ರವಾದಿ ಯೆರೆಮೀಯನ ಪುಸ್ತಕದ 18ನೇ ಅಧ್ಯಾಯದಲ್ಲಿ ದೇವರೇ ಇದನ್ನು ಒಂದು ನಿಯಮದ ಹಾಗೆ ಬಿಡಿಸಿ ಹೇಳಿದ್ದಾರೆ.

ಇದು ಕಷ್ಟದಲ್ಲಿರುವವರಿಗೆ ಯಾಕೆ ಮುಖ್ಯ ಅಂದರೆ, ನಮ್ಮ ಪರಿಸ್ಥಿತಿ ಬದಲಾದ ದಿನವೇ ದೇವರೂ ಬದಲಾದರು ಅಂತ ನಮಗೆ ಅನಿಸುತ್ತದೆ. ಆರೋಗ್ಯ ಇದ್ದಾಗ ಅವರು ಹತ್ತಿರ, ಕಾಯಿಲೆ ಬಂದಾಗ ಅವರು ಮುಖ ತಿರುಗಿಸಿದರು ಅಂತ. ಹೀಗೆ ಅನಿಸುವುದು ತಪ್ಪೇನಲ್ಲ. ಕೀರ್ತನೆಗಾರರಿಗೂ ಹಾಗೇ ಅನಿಸಿತ್ತು, ಅದನ್ನು ಅವರು ಬರೆದೂ ಇಟ್ಟರು. ಆದರೆ ಅನಿಸಿದ್ದನ್ನೇ ಕೊನೆಯ ಸಾಕ್ಷಿ ಅಂತ ಅವರು ತೆಗೆದುಕೊಳ್ಳಲಿಲ್ಲ.

ಯೋಬನ ಗೆಳೆಯರ ಲೆಕ್ಕ

ಇಲ್ಲಿ ಒಂದು ತಪ್ಪು ಲೆಕ್ಕವನ್ನು ಹೆಸರಿಟ್ಟೇ ಹೇಳಬೇಕು. ದೇವರು ನ್ಯಾಯವಂತರು, ನಿನಗೆ ಕಷ್ಟ ಬಂದಿದೆ, ಹಾಗಾದರೆ ನೀನು ಏನೋ ತಪ್ಪು ಮಾಡಿರಬೇಕು ಎನ್ನುವ ಲೆಕ್ಕ. ಇದನ್ನು ಬಾಯಿಬಿಟ್ಟು ಹೇಳದವರೂ ಒಳಗೊಳಗೆ ಹಾಕುತ್ತಿರುತ್ತಾರೆ. ನೊಂದವರು ತಮ್ಮ ಮೇಲೆ ತಾವೇ ಹಾಕಿಕೊಳ್ಳುತ್ತಾರೆ. ರಾತ್ರಿ ನಿದ್ದೆ ಬರದೆ, ಎಲ್ಲಿ ಎಡವಿದೆ ಅಂತ ಹತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕುತ್ತಾರೆ.

ಯೋಬನ ಪುಸ್ತಕದ 42 ಅಧ್ಯಾಯಗಳಲ್ಲಿ ದೊಡ್ಡ ಭಾಗ ಈ ಲೆಕ್ಕವನ್ನು ಒಡೆಯುವುದಕ್ಕೇ ಮೀಸಲು. ಯೋಬ ನೀತಿವಂತ, ಆದರೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡವನು. ಅವನನ್ನು ನೋಡಲು ಎಲೀಫಜ, ಬಿಲ್ದದ, ಚೋಫರ ಅಂತ ಮೂವರು ಗೆಳೆಯರು ಬಂದರು. ಬಂದವರು ಮೊದಲು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕುಳಿತರು. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂತ ನನಗೆ ಅನಿಸುತ್ತದೆ. ಬಾಯಿ ತೆರೆದ ಮೇಲೆ ಅವರು ಆಡಿದ್ದೆಲ್ಲ ದೇವರ ಪರವಾದ ವಾದ. ಕೇಳಲು ಭಕ್ತಿಯ ಮಾತೇ. ಯೋಬ ಮಾತ್ರ ಕೂಗಾಡುತ್ತಾನೆ, ದೇವರ ಮೇಲೇ ದೂರುತ್ತಾನೆ, ನನ್ನ ಕೇಸನ್ನು ದೇವರ ಮುಂದೆಯೇ ವಾದಿಸುತ್ತೇನೆ ಅನ್ನುತ್ತಾನೆ.

ಕೊನೆಗೆ ದೇವರು ಕೊಟ್ಟ ತೀರ್ಪು ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ. ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಅಂತ ದೇವರು ಗೆಳೆಯರಿಗೆ ಹೇಳುತ್ತಾರೆ. ದೇವರನ್ನು ಸಮರ್ಥಿಸಿಕೊಂಡವರು ತಪ್ಪು. ದೇವರ ಹತ್ತಿರ ಅತ್ತು ಜಗಳವಾಡಿದವನು ಸರಿ. ಯಾಕೆಂದರೆ ಗೆಳೆಯರು ದೇವರ *ಬಗ್ಗೆ* ಮಾತ್ರ ಮಾತಾಡಿದರು. ಯೋಬ ದೇವರ *ಜೊತೆ* ಮಾತಾಡಿದ. ದೇವರೇ ನನ್ನ ಮೇಲೆ ಬಿದ್ದಿದ್ದಾರೆ ಅನ್ನುವವನೇ, ಅದೇ 16ನೇ ಅಧ್ಯಾಯದಲ್ಲಿ, ಪರಲೋಕದಲ್ಲಿ ನನಗೊಬ್ಬ ಸಾಕ್ಷಿ ಇದ್ದಾನೆ ಅನ್ನುತ್ತಾನೆ.

ಯೇಸು ಕೂಡ ಈ ಲೆಕ್ಕವನ್ನು ಒಪ್ಪಲಿಲ್ಲ. ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಪಾಪಿಗಳು ಅಂತ ತಿಳಿದುಕೊಂಡಿದ್ದೀರಾ ಅಂತ ಕೇಳಿ, ಅಲ್ಲವೇ ಅಲ್ಲ ಎಂದು ಯೇಸುವೇ ಉತ್ತರ ಕೊಟ್ಟರು. ಹುಟ್ಟು ಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದ್ದು ಇವನಾ, ಇವನ ತಂದೆತಾಯಿಯಾ ಅಂತ ಕೇಳಿದಾಗಲೂ ಎರಡೂ ಅಲ್ಲ ಎಂದರು. ಹಾಗಾಗಿ ನೊಂದವರ ಮುಂದೆ ಕುಳಿತು ಕಾರಣ ಹುಡುಕುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ. ಅದು ನಮ್ಮ ಕೆಲಸ ಅಲ್ಲ.

ದೂರುವುದೂ ನಂಬಿಕೆಯೇ

ಈ ಬರಹದಲ್ಲಿ ನಾನು ಹೇಳಲೇಬೇಕು ಅಂದುಕೊಂಡಿದ್ದು ಇದನ್ನೇ. ದೇವರ ನ್ಯಾಯವನ್ನು ನಂಬುವುದು ಅಂದರೆ ಬಾಯಿ ಮುಚ್ಚಿಕೊಂಡು ಇರುವುದು ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದೇವೆ. ಬೈಬಲಿನಲ್ಲಿ ಆ ನ್ಯಾಯವನ್ನು ಗಟ್ಟಿಯಾಗಿ ನಂಬಿದವರೇ ಗಟ್ಟಿಯಾಗಿ ಕೂಗಿದವರು. ಯೋಚಿಸಿದರೆ ಇದು ಸಹಜ. ಲಂಚ ತಿನ್ನುವ ಅಧಿಕಾರಿಯ ಮುಂದೆ ಯಾರೂ ನ್ಯಾಯ ಕೇಳುವುದಿಲ್ಲ, ಹಣೆಬರಹ ಅಂತ ಎದ್ದು ಬರುತ್ತಾರೆ. ಇವರು ನ್ಯಾಯವಂತರು ಅಂತ ನಂಬಿದವರ ಮುಂದೆ ಮಾತ್ರ, "ಇದು ನ್ಯಾಯವಾ?" ಅಂತ ಕೇಳಲು ಸಾಧ್ಯ.

ಸೊದೋಮ್ ಎನ್ನುವ ಪಾಪದ ಊರನ್ನು ನಾಶಮಾಡುವ ವಿಷಯ ಬಂದಾಗ ಅಬ್ರಹಾಮ ದೇವರ ಮುಂದೆ ನಿಂತು ಕೇಳಿದ್ದು ಈ ಪ್ರಶ್ನೆಯನ್ನೇ. ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯ ನಡೆಸಬೇಡವೇ? ಹಾಗೆ ಕೇಳಿ 50 ಮಂದಿ ನೀತಿವಂತರಿಂದ ಶುರುಮಾಡಿ 10ರವರೆಗೆ ಇಳಿಸಿದ. ದೇವರು ಅವನನ್ನು ಗದರಿಸಲಿಲ್ಲ.

150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳಿನ ಹಾಡುಗಳು. 13ನೇ ಕೀರ್ತನೆ ಬರೀ ಆರು ವಚನ. ಮೊದಲ ಎರಡರಲ್ಲೇ "ಎಷ್ಟರವರೆಗೆ?" ಅಂತ ನಾಲ್ಕು ಸಲ ಬರುತ್ತದೆ. 89ನೆಯದು ದೇವರ ನಂಬಿಗಸ್ತಿಕೆಯನ್ನು 37 ವಚನ ಹೊಗಳುತ್ತದೆ. 38ನೇ ವಚನದಲ್ಲಿ ಒಮ್ಮೆಗೇ ತಿರುಗಿ, ಆದರೆ ನೀನು ಕೈಬಿಟ್ಟೆಯಲ್ಲ ಎನ್ನುತ್ತದೆ. ಹೊಗಳಿದ್ದು ಸುಮ್ನೆ ಅಲ್ಲ. ಕೊಟ್ಟ ಮಾತಿನ ಪತ್ರವನ್ನು ಮೊದಲು ಮೇಜಿನ ಮೇಲೆ ಇಟ್ಟು, ಆಮೇಲೆ ಅದನ್ನು ತೋರಿಸಿ ಕೇಳುತ್ತಿದ್ದಾನೆ. 88ನೇ ಕೀರ್ತನೆಯಲ್ಲಂತೂ ಕೊನೆಗೂ ಬೆಳಕು ಬರುವುದಿಲ್ಲ. ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ ‘ಕತ್ತಲೆ’. ಆದರೂ ಅದು ಪ್ರಾರ್ಥನೆಯೇ. ಕತ್ತಲೆಯಲ್ಲಿ ಕುಳಿತವನು ಯಾರನ್ನು ಕರೆಯುತ್ತಿದ್ದಾನೆ ಅಂತ ನೋಡಿದರೆ ಸಾಕು.

ಎಲ್ಲದಕ್ಕಿಂತ ನನ್ನನ್ನು ಹಿಡಿದಿಟ್ಟಿದ್ದು ಪ್ರಲಾಪಗಳ ಪುಸ್ತಕ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಸೈನ್ಯ ಯೆರೂಸಲೇಮನ್ನು ಕೆಡವಿ ದೇವಾಲಯಕ್ಕೆ ಬೆಂಕಿಯಿಟ್ಟಿತು. ಅದಕ್ಕೆ ಮೊದಲು ಸುಮಾರು ಒಂದೂವರೆ ವರ್ಷ ಮುತ್ತಿಗೆ. ಒಳಗೆ ಹಸಿವು. ಆ ಬೂದಿಯಲ್ಲಿ ಕುಳಿತು ಬರೆದ ಐದು ಹಾಡುಗಳು ಈ ಪುಸ್ತಕ. ಹೀಬ್ರೂವಿನಲ್ಲಿ 22 ಅಕ್ಷರಗಳು. ಮೊದಲ ನಾಲ್ಕು ಹಾಡುಗಳು ಆ ಅಕ್ಷರಮಾಲೆಯ ಕ್ರಮದಲ್ಲೇ ಸಾಗುತ್ತವೆ. ನಡುವಿನದು ಒಂದೊಂದು ಅಕ್ಷರಕ್ಕೆ ಮೂರು ಮೂರರಂತೆ 66 ವಚನ. ದುಃಖ ಅಂಕೆ ಮೀರಿದಾಗ ಹಿಡಿದುಕೊಳ್ಳಲು ಅಕ್ಷರಮಾಲೆಯಾದರೂ ಇರಲಿ ಅಂತ ಬರೆದ ಹಾಗಿದೆ.

"ಯೆಹೋವನ ಕೃಪೆಗಳು ಮುಗಿದುಹೋಗಿಲ್ಲ, ಅವು ದಿನದಿನವು ಹೊಸದಾಗಿವೆ, ನಿನ್ನ ನಂಬಿಗಸ್ತಿಕೆ ದೊಡ್ಡದು" ಎನ್ನುವ, ಎಲ್ಲರಿಗೂ ಬಾಯಿಪಾಠವಾಗಿರುವ ಮಾತು ಆ ನಡುವಿನ ಹಾಡಿನಲ್ಲಿದೆ. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲಿ ಅದೊಂದೇ ವಚನ ಇರುತ್ತದೆ. ಆದರೆ ಅದಕ್ಕೆ ಸ್ವಲ್ಪ ಮೊದಲು ಅದೇ ಮನುಷ್ಯ ಹೇಳಿದ್ದೇನು? ದೇವರು ನನಗೆ ಹೊಂಚುಹಾಕುವ ಕರಡಿಯ ಹಾಗೆ ಆಗಿದ್ದಾರೆ, ನುರುಜುಗಲ್ಲಿನಿಂದ ನನ್ನ ಹಲ್ಲು ಮುರಿದಿದ್ದಾರೆ, ನನ್ನ ನಿರೀಕ್ಷೆ ಹಾಳಾಯಿತು. ಅದನ್ನೆಲ್ಲ ಹೇಳಿ ಮುಗಿಸಿದ ಮೇಲೆ, 21ನೇ ವಚನದಲ್ಲಿ, ಆದರೂ ಇದೊಂದನ್ನು ನೆನಪಿಗೆ ತಂದುಕೊಳ್ಳುತ್ತೇನೆ ಎನ್ನುತ್ತಾನೆ. ತಾನಾಗಿ ನೆನಪಾಗುತ್ತಿಲ್ಲ. ತಂದುಕೊಳ್ಳಬೇಕಾಗಿದೆ. ಅಲ್ಲಿಗೆ ಅವನ ಅಳು ನಿಂತೂ ಇಲ್ಲ. ಇಪ್ಪತ್ತು ವಚನ ದಾಟುವಷ್ಟರಲ್ಲಿ, ಪ್ರಾರ್ಥನೆ ತೂರಿಹೋಗದ ಹಾಗೆ ಮೋಡದಿಂದ ನಿನ್ನನ್ನು ಮುಚ್ಚಿಕೊಂಡಿದ್ದೀ ಅಂತ ಮತ್ತೆ ದೂರುತ್ತಾನೆ.

ನಂಬಿಕೆ ಬಂದ ಮೇಲೆ ನೋವು ಹೋಗಬೇಕು ಅಂತ ಕಾಯುತ್ತಿರುವವರಿಗೆ ಇದು ದೊಡ್ಡ ಬಿಡುಗಡೆ. ಎರಡೂ ಒಂದೇ ಬಾಯಲ್ಲಿ, ಒಂದೇ ಹಾಡಿನಲ್ಲಿ ಇರಬಹುದು. ಪುಸ್ತಕ ಮುಗಿಯುವುದು ಕೂಡ, ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎನ್ನುವ ಸಂಕಟದಲ್ಲೇ. ಯೆಹೂದ್ಯರು ದೇವಾಲಯ ನಾಶವಾದ ದಿನದ ನೆನಪಿನ ಉಪವಾಸದಲ್ಲಿ ಇದನ್ನು ಇಂದಿಗೂ ನೆಲದ ಮೇಲೆ ಕುಳಿತು ಓದುತ್ತಾರೆ. ಕೊನೆಯ ವಚನ ಓದಿದ ಮೇಲೆ ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಓದುತ್ತಾರೆ: ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ.

ತಡ ಯಾಕೆ?

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪ್ರವಾದಿ ಹಬಕ್ಕೂಕನಿಗೂ ಪೂರ್ತಿ ಸಿಗಲಿಲ್ಲ. ತನ್ನ ನಾಡಿನಲ್ಲಿ ನಡೆಯುವ ಅನ್ಯಾಯ ನೋಡಿ ಅವನು ಎಷ್ಟರವರೆಗೆ ಅಂತ ಕೂಗಿದ. ಬಾಬೆಲಿನವರನ್ನು ಎಬ್ಬಿಸುತ್ತಿದ್ದೇನೆ ಅಂತ ದೇವರು ಹೇಳಿದರು. ಅವನಿಗೆ ಇನ್ನೂ ಗಾಬರಿ. ಅವರು ನಮಗಿಂತ ಕ್ರೂರಿಗಳಲ್ವಾ, ಇದು ಯಾವ ನ್ಯಾಯ? ಹೀಗೆ ಕೇಳಿ ಅವನು ಎದ್ದು ಹೋಗಲಿಲ್ಲ. ಕಾವಲುಗೋಪುರ ಹತ್ತಿ, ಏನು ಉತ್ತರ ಬರುತ್ತದೋ ನೋಡುತ್ತೇನೆ ಅಂತ ನಿಂತ. ಬಂದ ಉತ್ತರ: ತಡವಾದರೂ ಕಾದಿರು, ಅದು ಬಂದೇ ಬರುತ್ತದೆ. ನೀತಿವಂತನು ತನ್ನ ‘ಎಮುನಾ’ದಿಂದ ಬದುಕುತ್ತಾನೆ.

ಮೋಶೆಯ ಕೈಗೆ ಬಂದಿದ್ದ ಅದೇ ಪದ. ಯೇಸುವಿನ ಅಪೊಸ್ತಲ ಪೌಲ ಇದನ್ನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಎತ್ತಿ ಹೇಳಿದ. ನಾವು ಇದನ್ನು ‘ನಂಬಿಕೆ’ ಎಂದು ಓದುತ್ತೇವೆ, ಸರಿಯೇ. ಆದರೆ ಆ ನಂಬಿಕೆಯೊಳಗೆ ಸಂಜೆಯವರೆಗೂ ಕೈ ಇಳಿಸದಿರುವ ದೃಶ್ಯ ಇದೆ. ಒಬ್ಬರಿಂದ ಆಗದಿದ್ದರೆ ಪಕ್ಕದವರು ಬಂದು ಹಿಡಿಯುವುದೂ ಇದೆ. ಪ್ರಾರ್ಥನೆ ಮಾಡಲು ಬಾಯೇ ಬರುತ್ತಿಲ್ಲ ಅನ್ನುವವರಿಗೆ, ನಿಮ್ಮ ಪಾಲಿನದನ್ನು ಈಗ ನಾವು ಮಾಡುತ್ತೇವೆ, ನೀವು ಕುಳಿತುಕೊಳ್ಳಿ ಅಂತ ಹೇಳುವವರು ಬೇಕು. ಕ್ರೈಸ್ತ ಸಭೆ ಅಂತ ಇರುವುದು ಅದಕ್ಕೇ.

ಕ್ರೈಸ್ತರು ಈ ಪ್ರಶ್ನೆಗಳನ್ನೆಲ್ಲ ಕೊನೆಗೆ ಶಿಲುಬೆಯ ಹತ್ತಿರ ತಂದು ನಿಲ್ಲಿಸುತ್ತಾರೆ. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?" ಎಂದು ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಅಂದರೆ ದೇವರ ಮಗನೇ ಗೋಳಿನ ಹಾಡನ್ನು ತನ್ನದಾಗಿ ಮಾಡಿಕೊಂಡ. ಅದೇ ಹೊತ್ತಿನ ಬಗ್ಗೆ ಪೇತ್ರ ತನ್ನ ಮೊದಲ ಪತ್ರದಲ್ಲಿ, ಯೇಸು ಬೈಸಿಕೊಂಡರೂ ತಿರುಗಿ ಬೈಯಲಿಲ್ಲ, ನ್ಯಾಯವಾಗಿ ತೀರ್ಪು ಮಾಡುವವರಿಗೆ ತನ್ನನ್ನು ಒಪ್ಪಿಸಿಕೊಟ್ಟರು ಎನ್ನುತ್ತಾನೆ. ‘ಒಪ್ಪಿಸು’ ಎನ್ನಲು ಅಲ್ಲಿರುವ ಗ್ರೀಕ್ ಪದವನ್ನು ನೋಡಿ. ಶಿಷ್ಯನಾದ ಯೂದನು ಯೇಸುವನ್ನು ಹಿಡಿದುಕೊಟ್ಟ ಎನ್ನುವಲ್ಲಿ ಬರುವುದೂ ಅದೇ ಪದ. ಮನುಷ್ಯರು ಅವರನ್ನು ಅನ್ಯಾಯದ ಕೈಗೆ ಒಪ್ಪಿಸುತ್ತಿದ್ದರು. ಅವರು ತಮ್ಮನ್ನು ನ್ಯಾಯವಂತರ ಕೈಗೆ ಒಪ್ಪಿಸಿಕೊಳ್ಳುತ್ತಿದ್ದರು. ತಂದೆಯ ತೀರ್ಪು ಮೂರನೇ ದಿನ ಬಂತು. ನಡುವಿನ ಶನಿವಾರ ಪೂರ್ತಿ ಮೌನ.

ಒಪ್ಪಿಸುವುದು ಎಂದರೆ ಅನ್ಯಾಯವನ್ನು ಸಹಿಸಿಕೊಂಡು ಇರು ಅಂತಾನಾ? ಈ ಮಾತನ್ನು ಹಿಡಿದುಕೊಂಡು ನೊಂದವರ ಬಾಯಿ ಮುಚ್ಚಿಸಿದ್ದನ್ನು ನೋಡಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ. ಫಿಲಿಪ್ಪಿ ಎನ್ನುವ ಊರಿನಲ್ಲಿ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ವಿಚಾರಣೆಯೇ ಇಲ್ಲದೆ ಹೊಡೆದು ಸೆರೆಮನೆಗೆ ಹಾಕಿದರು. ಮಧ್ಯರಾತ್ರಿ ಅವರು ಹಾಡುತ್ತಿದ್ದರು. ಇದನ್ನು ಎಲ್ಲರೂ ಹೇಳುತ್ತಾರೆ. ಬೆಳಗ್ಗೆ ಏನಾಯಿತು ಅಂತ ಹೇಳುವವರು ಕಡಿಮೆ. ಅಧಿಕಾರಿಗಳು, ಅವರನ್ನು ಬಿಟ್ಟು ಕಳಿಸಿ ಅಂತ ಹೇಳಿ ಕಳಿಸಿದರು. ಪೌಲ ಹೋಗಲಿಲ್ಲ. ನಾವು ರೋಮನ್ ಪ್ರಜೆಗಳು, ನಮ್ಮನ್ನು ಎಲ್ಲರ ಮುಂದೆ ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತೀರಾ, ಆಗೋದಿಲ್ಲ, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಅಂದ. ಅವರು ಬಂದರು. ಮುಂದೆ ಒಂದು ಸಲ ಪೌಲ ರೋಮಿನ ಚಕ್ರವರ್ತಿ ಕೈಸರನಿಗೇ ಮೇಲ್ಮನವಿ ಮಾಡಿಕೊಂಡ. ರಾತ್ರಿ ಹಾಡಿದವನೂ ಬೆಳಗ್ಗೆ ನ್ಯಾಯ ಕೇಳಿದವನೂ ಒಬ್ಬನೇ. ಸೇಡನ್ನು ದೇವರಿಗೆ ಬಿಡಿ ಅಂತ ಬರೆದವನೂ ಅವನೇ. ಸೇಡು ಬೇರೆ, ನ್ಯಾಯ ಕೇಳುವುದು ಬೇರೆ. ಮನೆಯೊಳಗೆ ಏಟು ತಿನ್ನುತ್ತಿರುವವರು, ಮೋಸಹೋದವರು ದೂರು ಕೊಟ್ಟರೆ ನಂಬಿಕೆ ಕಡಿಮೆಯಾಯಿತು ಅಂತ ಅರ್ಥ ಅಲ್ಲ.

ಮುತ್ತಿಗೆಯ ನಡುವೆ ಕೊಂಡ ಹೊಲ

ಹಾಗಾದರೆ ಬದಲಾಗದ ದೇವರನ್ನು ನಂಬುವುದು ಕೈಯಲ್ಲಿ ಹೇಗೆ ಕಾಣುತ್ತದೆ? ಯೆರೆಮೀಯನ 32ನೇ ಅಧ್ಯಾಯದಲ್ಲಿ ಅದನ್ನು ತೂಕ ಹಾಕಿಯೇ ತೋರಿಸಿದ್ದಾರೆ.

ಅರಸ ಚಿದ್ಕೀಯನ ಆಳ್ವಿಕೆಯ ಹತ್ತನೇ ವರ್ಷ. ಯೆರೂಸಲೇಮಿನ ಸುತ್ತ ಬಾಬೆಲಿನ ಸೈನ್ಯ. ಊರು ಬೀಳುತ್ತದೆ ಅಂತ ಸತ್ಯ ಹೇಳಿದ್ದಕ್ಕೆ ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಬಂಧನದಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ ಅನ್ನುತ್ತಾನೆ. ಅನಾತೋತ್ ಯೆರೂಸಲೇಮಿಗೆ ಹತ್ತಿರದ ಊರು. ಅಂದರೆ ಆ ಹೊಲ ಆಗಲೇ ಶತ್ರು ಸೈನ್ಯದ ಕೈಯಲ್ಲಿರುವ ನೆಲ. ಅದು ಯೆರೆಮೀಯನ ಸ್ವಂತ ಊರು ಕೂಡ, ಅವನನ್ನು ಕೊಲ್ಲಬೇಕು ಅಂತ ಒಳಸಂಚು ಮಾಡಿದ್ದವರ ಊರು. ಯಾರಾದರೂ ಕೊಳ್ಳುತ್ತಾರಾ?

ದೇವರು ಹೇಳಿದರು, ಅವನು ಕೊಂಡ. 17 ಶೆಕೆಲ್ ಬೆಳ್ಳಿ. ಈಗಿನ ತೂಕದಲ್ಲಿ ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರ ಬರೆದು, ಮುದ್ರೆ ಹಾಕಿ, ಸಾಕ್ಷಿಗಳಿಂದ ಸಹಿ ಹಾಕಿಸಿದ. ಮುಚ್ಚಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಅಲ್ಲಿ ಕುಳಿತಿದ್ದ ಎಲ್ಲರ ಎದುರಿಗೇ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವ ಹಾಗೆ ಮಣ್ಣಿನ ಗಡಿಗೆಯಲ್ಲಿ ಇಡು ಅಂದ. ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುತ್ತಾರೆ ಎನ್ನುವುದು ದೇವರ ಮಾತು.

ಇಷ್ಟೆಲ್ಲ ಮಾಡಿದವನಿಗೆ ಅನುಮಾನ ಇರಲಿಲ್ಲವಾ? ಇತ್ತು. ಪತ್ರ ಕೊಟ್ಟ ಮೇಲೆ ಅವನು ಮಾಡಿದ ಪ್ರಾರ್ಥನೆಯೂ ಅಲ್ಲೇ ಇದೆ. ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಅಂತ ಶುರುವಾಗುತ್ತದೆ. ಮುಗಿಯುವ ಹೊತ್ತಿಗೆ ಧ್ವನಿ ಬೇರೆ. ಮುತ್ತಿಗೆಯ ದಿಬ್ಬಗಳು ಗೋಡೆಗೆ ಬಂದು ತಾಗಿವೆ, ಊರು ಅವರ ಕೈಗೆ ಹೋಯಿತು, ನೀನು ನೋಡಿದರೆ ಹಣ ಕೊಟ್ಟು ಹೊಲ ಕೊಂಡುಕೋ ಅನ್ನುತ್ತೀ! ದೇವರು ಅವನದೇ ಮಾತನ್ನು ತಿರುಗಿಸಿ ಕೇಳಿದರು: ನನಗೆ ಅಸಾಧ್ಯವಾದದ್ದು ಉಂಟೋ?

ಊರು ಬಿತ್ತು. ಉಳಿದ ಜನ ಯೆರೆಮೀಯನನ್ನು ಐಗುಪ್ತಕ್ಕೆ ಕರೆದುಕೊಂಡು ಹೋದರು. ಅವನು ಆ ಹೊಲದಲ್ಲಿ ಒಂದು ದಿನ ಕೂಡ ಉತ್ತಿ ಬಿತ್ತಿದ ಬಗ್ಗೆ ಬೈಬಲಿನಲ್ಲಿ ಒಂದು ಸಾಲೂ ಇಲ್ಲ. ಕ್ರಿ.ಪೂ. 539ರಲ್ಲಿ ಬಾಬೆಲ್ ಪರ್ಷಿಯದ ಅರಸ ಕೋರೆಷನ ಕೈಗೆ ಬಂತು. ಮನೆಗೆ ಹೋಗಬಹುದು ಅಂತ ಅವನು, ಬಾಬೆಲಿಗೆ ಸೆರೆ ಒಯ್ದಿದ್ದ ಯೆಹೂದ್ಯರಿಗೆ ಅಪ್ಪಣೆ ಕೊಟ್ಟ. ಹಿಂದಿರುಗಿದವರ ಪಟ್ಟಿ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿದೆ. ಓದಲು ಬೇಸರವಾಗುವ ಪಟ್ಟಿ, ಬರೀ ಹೆಸರು, ಬರೀ ಲೆಕ್ಕ. ಅದರ 23ನೇ ವಚನದಲ್ಲಿ ಒಂದೇ ಒಂದು ಸಾಲು: ಅನಾತೋತಿನವರು 128 ಮಂದಿ.